ಕಡ ತಂದ ತಪ್ಪು

ಗಂಡನನ್ನು ಮಣ್ಣು ಮಾಡಿ, ನೆಂಟರೆಲ್ಲ ಊರಿಗೆ ಹೊರಟುಹೋದ ಮರುದಿನ ಬೆಳಿಗ್ಗೆ ನಾನು ಮನೆ ಗುಡಿಸಿದೆ. ನಡುಮನೆ, ಅಡುಗೆಮನೆ, ಬಚ್ಚಲ ಮುಂದಿನ ಹಾಸುಗಲ್ಲು. ಕೊನೆಗೆ ಮಲಗುವ ಕೋಣೆಗೆ ಬಂದು ಮಂಚದ ಕೆಳಗೆ ಪೊರಕೆ ಹಾಕಿದೆ. ಅದು ಅರ್ಧಕ್ಕೇ ತಡೆಯಿತು. ಪಂಪಾಪತಿ ಮಲಗುತ್ತಿದ್ದ ಬದಿಯಲ್ಲಿ ಮಂಚಕ್ಕೆ ಹೆಣೆದ ನವಾರು ಪಟ್ಟಿ ಜೋತುಬಿದ್ದು ನೆಲ ಮುಟ್ಟಿತ್ತು. ಹಾಸಿಗೆಯ ಮೇಲೆ ಯಾರೂ ಇರಲಿಲ್ಲ.

ನಾನು ಅಳಲಿಲ್ಲ. ಇನ್ನೊಂದು ಬದಿಯಿಂದ ಗುಡಿಸಿ ಮುಗಿಸಿದೆ. ಹಾಲು ಕಾಯಿಸಿದೆ. ಆಮೇಲೆ ಮಂಚವನ್ನು ಗೋಡೆಗೆ ಸರಿಸೋಣವೆಂದು ಎಳೆದರೆ ಅಲುಗಲಿಲ್ಲ. ಪಕ್ಕದ ಮನೆಯ ಹುಸೇನಬಿಯನ್ನು ಕರೆದೆ. ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಮಂಚದ ಕಾಲು ಹಿಡಿದು ಒಮ್ಮೆ ಜಗ್ಗಿ, ಸೊಂಟಕ್ಕೆ ಕೈ ಕೊಟ್ಟು ನಿಂತಳು.

“ಯವ್ವಾ, ಏನಿಟ್ಟು ಹೋಗ್ಯಾರೆ ಮೇಷ್ಟ್ರು?”

“ಅವರ ತಪ್ಪು ಇರಬೇಕು.”

“ನಿನ್ ತಲೆ. ಸತ್ತೋರ ಸ್ವಂತದ್ದು ಅವರ ಜೊತೇಲೇ ಮಣ್ಣಿಗೆ ಹೋಗ್ತೈತೆ. ಮನೇಲಿ ಉಳಿಯೋದು ಕಡ ತಂದದ್ದು.” ಆಕೆ ಬಗ್ಗಿ ನವಾರಿನ ಜೋಲು ನೋಡಿದಳು. “ಇದು ಒಬ್ಬರದ್ದಲ್ಲ ಬಿಡು. ಒಬ್ಬ ಮನುಷ್ಯಂದು ಇಷ್ಟು ಇರಾಕಿಲ್ಲ, ನಮ್ಮ ಮನೆಯೋರದ್ದೂ ಇಷ್ಟಿರಲಿಲ್ಲ.”

ನಮ್ಮ ಊರಲ್ಲಿ ತಪ್ಪಿಗೆ ತೂಕವಿದೆ. ಕಣ್ಣಿಗೆ ಕಾಣುವುದಿಲ್ಲ, ಹೊತ್ತವರಿಗೆ ಗೊತ್ತಾಗುತ್ತದೆ. ಬಸ್ಸಿನಲ್ಲಿ ಕಂಡಕ್ಟರ್ ನಿಮ್ಮ ನಡಿಗೆ ನೋಡಿ “ನೀವು ಟೈರಿನ ಮೇಲಿನ ಸೀಟಿಗೆ ಹೋಗ್ರಿ” ಅನ್ನುತ್ತಾನೆ. ಗಂಡು ನೋಡಲು ಬಂದವರು ಹುಡುಗನನ್ನು ಮಾತಾಡಿಸುತ್ತ ಮೆಲ್ಲಗೆ ಅಕ್ಕಿ ಗಿರಣಿಯ ತಕ್ಕಡಿಯ ಕಡೆಗೆ ಕರೆದುಕೊಂಡು ಹೋಗುತ್ತಾರೆ. ಇಲ್ಲಿ ತಪ್ಪನ್ನು ಕಡ ಕೊಡುವುದೂ ಉಂಟು, ಹೆಪ್ಪಿಗೆ ಮೊಸರು ಕೊಟ್ಟ ಹಾಗೆ. “ನಿಮ್ಮದು ಸ್ವಲ್ಪ ದಿನ ನನ್ನ ಹತ್ತಿರ ಇರಲಿ” ಅಂದರೆ ಸಾಕು, ಅದು ಅಂದವರ ಮೇಲೆ ಬರುತ್ತದೆ. ಮಗಳ ಮದುವೆಯಲ್ಲಿ ಅಪ್ಪ ನೆಟ್ಟಗೆ ನಿಲ್ಲಲಿ ಎಂದು ಚಿಕ್ಕಪ್ಪ ಒಂದೆರಡು ದಿನ ಹೊತ್ತುಕೊಳ್ಳುತ್ತಾನೆ. ಹಿಂದಿರುಗಿಸುವಾಗ ಮಾತ್ರ ಒಂದು ಕಟ್ಟಳೆ. ಯಾರದು, ಏನು ಎಂದು ಬಾಯಿಬಿಟ್ಟು ಸರಿಯಾಗಿ ಹೇಳಬೇಕು. ಸರಿಯಾಗಿ ಹೇಳಿದರೆ ಅದು ಕೈಗೆ ಬರುತ್ತದೆ. ಇಲ್ಲದಿದ್ದರೆ ಕೂತಲ್ಲೇ ಕೂತಿರುತ್ತದೆ.

ಪಂಪಾಪತಿ ನಮ್ಮ ಸರ್ಕಾರಿ ಹೈಸ್ಕೂಲಿನ ಗಣಿತದ ಮೇಷ್ಟ್ರು. ಹತ್ತನೆಯ ತರಗತಿಯ ಫಲಿತಾಂಶ ಬಂದಾಗ ಗಣಿತದಲ್ಲಿ ಪಾಸಾದವರೆಲ್ಲ ಒಂದೇ ಬೆಂಚಿನಲ್ಲಿ ಕೂರಬಹುದಿತ್ತು, ಇನ್ನೂ ಜಾಗ ಉಳಿಯುತ್ತಿತ್ತು. ಆ ಸಂಜೆ ಅವನು ಸೈಕಲ್ ತಳ್ಳಿಕೊಂಡು ಬಂದ. ಹತ್ತಿ ಕೂತರೆ ಟೈರು ತಡೆಯುತ್ತಿರಲಿಲ್ಲ. ಚಪ್ಪಲಿ ಬಿಟ್ಟ, ಮಲಗಿದ, ಏಳಲಿಲ್ಲ. ಡಾಕ್ಟರು ಹೃದಯ ಅಂದರು. ನಾನು ತಲೆಯಾಡಿಸಿದೆ.

ನಾನು ಮನೆ ಗುಡಿಸಿದ ದಿನವೇ ಮಧ್ಯಾಹ್ನ ಶಾಲಾ ಸಮಿತಿಯ ಅಧ್ಯಕ್ಷ ದ್ಯಾಮಣ್ಣ ಬಂದ. ಅವನದು ಶಾಮಿಯಾನದ ವ್ಯಾಪಾರ, ಊರಿನ ಮದುವೆ, ತಿಥಿ, ಭಾಷಣ ಎಲ್ಲವೂ ಅವನ ಕುರ್ಚಿಗಳ ಮೇಲೆಯೇ ನಡೆಯುವುದು. ಜೊತೆಗೆ ಹೆಡ್ ಮೇಷ್ಟ್ರು ಅಡಿವೆಪ್ಪನವರಿದ್ದರು. ಅವರು ಬಾಗಿಲ ಬಳಿಯೇ ಕೂತರು. ದ್ಯಾಮಣ್ಣ ಕೋಣೆಯೊಳಗೆ ಇಣುಕಿ, ಮಂಚ ನೋಡಿ, ತುಟಿ ಒತ್ತಿಕೊಂಡ.

“ತಂಗಿ, ತಾಲ್ಲೂಕಿಂದ ಕಾಗದ ಬಂದೈತೆ. ಫಲಿತಾಂಶಕ್ಕೆ ಕಾರಣ ಯಾರು, ಹೆಸರು ಕಳಿಸ್ರಿ ಅಂತ. ಭಾನುವಾರ ಸಾಲಿ ಅಂಗಳದಾಗೆ ಊರು ಸೇರ್ತೈತೆ.”

“ಕಳಿಸಿ.”

“ಯಾರದಂತ ಕಳಿಸೋದು? ಯಾರ ಹೆಸರು ಬರೆದ್ರೂ ಅವರ ಮನಿ ಹಾಳು. ಬದುಕಿರೋರ್ನ ಯಾಕೆ ನೋಯಿಸ್ಬೇಕು?” ಅವನು ದನಿ ತಗ್ಗಿಸಿದ. “ಮೇಷ್ಟ್ರು ದೊಡ್ಡ ಮನುಷ್ಯರು. ಎಲ್ಲಾರದೂ ಹೊತ್ತೋರು. ಊರೆಲ್ಲ ಒಂದೇ ಬಾಯಾಗೆ ‘ಪಂಪಾಪತಿ ಮೇಷ್ಟ್ರದ್ದು’ ಅಂದ್ರೆ ಮಂಚದ ಮ್ಯಾಲಿಂದೂ ಅವರ ಜೊತೆ ಇಳಿದು ಹೋಗ್ತೈತೆ. ಕಾಗದ ಮುಗೀತು, ನಿಂಗೂ ಹಗುರ.”

ಇದು ನಿಜ. ಊರೆಲ್ಲ ಒಂದೇ ಹೆಸರು ಹೇಳಿದರೆ ಸತ್ತವನ ಮನೆಯಲ್ಲಿ ಉಳಿದದ್ದು ಸತ್ತವನದೇ ಆಗುತ್ತದೆ. ಒಬ್ಬರೂ ಇಲ್ಲ ಅನ್ನಬಾರದು, ಅಷ್ಟೇ.

“ಸಾಲ್ಯಾಗೆ ಕ್ಲರ್ಕ್ ಜಾಗ ಖಾಲಿ ಐತೆ. ಗಂಡನ ಲೆಕ್ಕದಾಗೆ ನಿಂಗೆ ಬರಬೇಕಾದ್ದು. ಸಮಿತಿ ಶಿಫಾರಸು ಬೇಕು, ನಾನದೀನಿ. ಎಂ.ಎ. ಓದಿದೋಳು ನೀನು, ಬಿಡಿಸಿ ಹೇಳ್ಬೇಕಾ?”

“ಒಬ್ಬರು ಇಲ್ಲ ಅಂದರೆ?”

ಅವನು ನಕ್ಕ. “ಯಾರಂತಾರೆ? ಎಲ್ಲಾರಿಗೂ ಮಕ್ಕಳದಾರೆ, ಎಲ್ಲಾರಿಗೂ ಒಂದೊಂದು ತಪ್ಪೈತೆ.”

ಅಡಿವೆಪ್ಪನವರು ಎದ್ದು ಚಪ್ಪಲಿ ಮೆಟ್ಟಿದರು. ಹೋಗುವಾಗ ಅವರ ಹೆಜ್ಜೆ ಹಗುರವಾಗಿತ್ತು. ಅರವತ್ತರ ಹತ್ತಿರದ ಮನುಷ್ಯ ಅಷ್ಟು ಹಗುರವಾಗಿ ಮೆಟ್ಟಿಲಿಳಿಯುವುದನ್ನು ನಾನು ನಿಂತು ನೋಡಿದೆ.

ಕೆಲಸ ಬೇಕಾಗಿತ್ತು. ಮನೆ ಬಾಡಿಗೆಯದು. ಅದಕ್ಕೆ ನಾನು ಹೇಳಬೇಕಾದದ್ದು ಒಂದೇ ಹೆಸರು, ಒಂದೇ ಮಾತು. ಆದರೂ ನಾನು ಮಂಚದ ಮುಂದೆ ಸ್ಟೂಲು ಹಾಕಿಕೊಂಡು ಕೂತೆ. ಓದುವಾಗ ನಾನು ಪ್ರಬಂಧ ಬರೆದದ್ದೇ ಸರ್ಕಾರಿ ಶಾಲೆಗಳ ಹಿನ್ನಡೆಯ ಮೇಲೆ. ಅಧ್ಯಾಯಗಳ ಹೆಸರು ಬಾಯಿಪಾಠವಿತ್ತು. ಒಂದೊಂದಾಗಿ ಹೇಳಿದೆ. ವ್ಯವಸ್ಥೆ. ಸಂಪನ್ಮೂಲಗಳ ಕೊರತೆ. ಪೋಷಕರ ನಿರಾಸಕ್ತಿ. ಶಿಕ್ಷಕರ ಬದ್ಧತೆ. ಖಾಸಗಿ ಶಾಲೆಗಳ ಪೈಪೋಟಿ. ನವಾರು ಕಿರ್ ಅನ್ನಲಿಲ್ಲ. ಸರ್ಕಾರ ಅಂದೆ. ಮೊಬೈಲು ಅಂದೆ. ಕಾಲ ಕೆಟ್ಟಿದೆ ಅಂದೆ. ಕಿಟಕಿಯ ಆಚೆಯಿಂದ ಹುಸೇನಬಿ, “ಯಾರ ಜೊತೆ ಜಗಳ?” ಎಂದು ಕೂಗಿದಳು.

“ಮಂಚದ ಜೊತೆ.”

“ಗೆದ್ದೆ ಅಂದ್ರೆ ಹೇಳು.”

ಹೆಸರಿಲ್ಲದ ತಪ್ಪು ಯಾರ ಕೈಗೂ ಬರುವುದಿಲ್ಲ. ಇದು ಊರಿನ ಚಿಕ್ಕ ಮಕ್ಕಳಿಗೂ ಗೊತ್ತು. ನಾನು ಮರೆತು ಕೂತಿದ್ದೆ. ಕಳೆದ ವರ್ಷ ಪಂಪಾಪತಿ ಏನು ಮಾಡಿದ ಎಂದು ಯೋಚಿಸಿದೆ. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಅವನು ಶಾಲೆಗೇ ಹೋಗಿರಲಿಲ್ಲ. ಮನೆಮನೆ ತಿರುಗಿ ಶೌಚಾಲಯ ಎಣಿಸುತ್ತಿದ್ದ. ಮೇಲಿನವರು ಕಳಿಸಿದರು ಅಂದೆ. ಏನೂ ಆಗಲಿಲ್ಲ. ಆದರೆ ಆದೇಶದಲ್ಲಿ ‘ಒಬ್ಬ ಶಿಕ್ಷಕ’ ಎಂದಷ್ಟೇ ಇತ್ತು, ಗಣಿತದವನು ಎಂದು ಇರಲಿಲ್ಲ. ಅವನೇ ಒಮ್ಮೆ ಊಟ ಮಾಡುತ್ತ ಹೇಳಿದ್ದ, ನಗುತ್ತ. ನಾನು ಮಂಚದ ಕಡೆಗೆ ಬಾಗಿ ಹೇಳಿದೆ.

“ಅಡಿವೆಪ್ಪ ಮೇಷ್ಟ್ರೇ, ಉಳಿದವರು ಮುಖ ಗಂಟಿಕ್ಕುತ್ತಾರೆಂದು, ಇಲ್ಲ ಅನ್ನದವನನ್ನೇ ಆರಿಸಿ ಕಳಿಸಿದಿರಿ. ಹತ್ತನೆಯ ತರಗತಿಗೆ ಲೆಕ್ಕ ಹೇಳುವವರಿಲ್ಲ ಎಂದು ಗೊತ್ತಿದ್ದೂ ಕಳಿಸಿದಿರಿ.”

ನವಾರು ಸದ್ದು ಮಾಡಿತು. ಎರಡೂ ಕೈಯಲ್ಲಿ ಏನೋ ಬಂದು ಕೂತಿತು, ನೆಂದ ಗೋಣಿಯಂಥದ್ದು.

ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಶಾಲೆಗೆ ನಡೆದೆ. ಮುಚ್ಚಿ ಒಯ್ಯುವುದು ನಮ್ಮಲ್ಲಿ ಮರ್ಯಾದೆ. ದಾರಿಯುದ್ದಕ್ಕೂ ಜನ ಟವೆಲ್ಲು ನೋಡಿ ಮುಖ ತಿರುಗಿಸಿದರು. ಹೊಸ ವಿಧವೆ ಇಷ್ಟು ಬೇಗ ಬೀದಿಗೆ ಬಂದಳೆಂದೋ, ತಮ್ಮದೇ ತರುತ್ತಿದ್ದಾಳೆಂದೋ, ನಾನು ಕೇಳಲು ನಿಲ್ಲಲಿಲ್ಲ.

ರಜೆಯಾದರೂ ಅಡಿವೆಪ್ಪನವರು ಆಫೀಸಿನಲ್ಲಿದ್ದರು. ಟವೆಲ್ಲು ನೋಡಿದ ಕೂಡಲೇ ಕನ್ನಡಕ ತೆಗೆದಿಟ್ಟರು. ನಾನು ಅದೇ ಮಾತುಗಳನ್ನು ಮತ್ತೆ ಹೇಳಿದೆ. ಅವರು ವಾದಿಸಲಿಲ್ಲ. ಕೈ ಚಾಚಿದರು. ಇಟ್ಟೆ. ಅವರ ಭುಜ ಎರಡೂ ಕೆಳಗಿಳಿದವು.

“ನಾನು ಕೊಟ್ಟದ್ದಲ್ಲ ಕುಮುದಾ,” ಎಂದರು. “ಅವನೇ ಕೇಳಿದ. ‘ಸಾರ್, ನಿಮಗೆ ನಿವೃತ್ತಿ ಹತ್ತಿರ, ಇದು ನನ್ನ ಹತ್ತಿರ ಇರಲಿ’ ಅಂದ.”

“ನೀವು ಬೇಡ ಅನ್ನಲಿಲ್ಲ.”

“ಅನ್ನಲಿಲ್ಲ. ಅನ್ನದಿದ್ದದ್ದು ನೋಡು, ಮುಂದಿನ ತಿಂಗಳು ಇನ್ನೊಂದು ಆದೇಶ ಬಂತು. ಆಗಲೂ ಅವನನ್ನೇ ಕಳಿಸಿದೆ. ಆಗ ನನಗೆ ಏನೂ ಭಾರ ಅನ್ನಿಸಲೇ ಇಲ್ಲ.”

ಹೊರಗೆ ಬಂದಾಗ ಮೆಟ್ಟಿಲು ಕಂಡಿತು. ಹತ್ತನೆಯ ತರಗತಿ ನಡೆಯುವುದು ಮೆಟ್ಟಿಲ ಮೇಲೆ ಎಂದು ಗೊತ್ತಿತ್ತು, ನೋಡಿರಲಿಲ್ಲ. ಪ್ರತಿ ಮೆಟ್ಟಿಲಿಗೂ ಇಬ್ಬಿಬ್ಬರ ಹೆಸರು, ಮೊಳೆಯಲ್ಲಿ ಕೆತ್ತಿದ್ದರು. ಕರಿಹಲಗೆ ಕೆಳಗೆ, ಗೋಡೆಗೆ ಆನಿಸಿ ಇಟ್ಟಿದ್ದರು. ನಾನು ಹತ್ತುತ್ತ ಹೋದೆ. ಆರನೆಯ ಮೆಟ್ಟಿಲಿನಿಂದ ಹಲಗೆಯ ಮೇಲ್ಭಾಗ ತೊಲೆಗೆ ಮರೆಯಾಯಿತು. ತಿರುವಿನ ಆಚೆ ಹಲಗೆಯೇ ಇಲ್ಲ, ಬರೀ ಮೇಷ್ಟ್ರ ದನಿ ಕೇಳಬಹುದು. ಪಾಸಾದ ಹೆಸರುಗಳೆಲ್ಲ ಕೆಳಗಿನ ಮೆಟ್ಟಿಲುಗಳಲ್ಲಿದ್ದವು. ಮೇಲೆ ತರಗತಿಯ ಕೋಣೆಗೆ ಬೀಗ. ಕಿಟಕಿಯ ಸಂದಿನಲ್ಲಿ ಕಬ್ಬಿಣದ ಗಳು, ಮಡಿಸಿದ ಪರದೆ, ಒಂದರೊಳಗೊಂದು ಸೇರಿಸಿ ಛಾವಣಿ ಮುಟ್ಟಿಸಿದ ಪ್ಲಾಸ್ಟಿಕ್ ಕುರ್ಚಿಗಳು.

ಮೇಲಿನ ಮೆಟ್ಟಿಲುಗಳಲ್ಲಿ ಒಂದು ಕಡೆ ಒಂದೇ ಹೆಸರಿತ್ತು. ಚಂದ್ರಿ. ಬೇರೆಯವರು ಕೂತು ಕೂತು ಕಲ್ಲು ನುಣುಪಾಗಿತ್ತು, ಅವಳ ಕಡೆ ಧೂಳು ಹಾಗೇ ಇತ್ತು. ಮಂಡಕ್ಕಿ ಭಟ್ಟಿಗೆ ಹೋಗುವ ಬಸಲಿಂಗವ್ವನ ಮಗಳು. ಶಾಲೆಯ ಹೊತ್ತಿನಲ್ಲಿ ತಾಯಿಯ ಕೈಗೂಸನ್ನು ಸೊಂಟಕ್ಕೇರಿಸಿಕೊಂಡು ನಮ್ಮ ಬೀದಿಯಲ್ಲಿ ತಿರುಗುತ್ತಿದ್ದಳು. ನಾನು ಎಷ್ಟೋ ಸಲ ನೋಡಿದ್ದೆ.

ಮನೆಗೆ ಬಂದು ಮಂಚದ ಮುಂದೆ ದ್ಯಾಮಣ್ಣನ ತಪ್ಪನ್ನು ಹೇಳಿದೆ. ಒಂದೇ ಸಲಕ್ಕೆ ಬಂತು. ಎತ್ತಲು ಹುಸೇನಬಿಯನ್ನು ಕರೆಯಬೇಕಾಯಿತು. ಆಮೇಲೂ ಹಾಸಿಗೆಯ ನಡುವೆ ಸಣ್ಣದೊಂದು ತಗ್ಗು ಉಳಿದಿತ್ತು, ಮಗು ಕೂತ ಹಾಗೆ. ಅದು ಯಾರದೆಂದು ಗೊತ್ತಿತ್ತು. ಹೇಳಲಿಲ್ಲ. ಇರಲಿ ಅಂದುಕೊಂಡೆ. ಬೆಂಕಿಯ ಮುಂದೆ ದುಡಿದು ಬರುವ ಹೆಂಗಸಿನ ತಲೆಯ ಮೇಲೆ ಇದನ್ನೂ ಹೇರುವುದೇ?

ಭಾನುವಾರ ಶಾಲೆಯ ಅಂಗಳದಲ್ಲಿ ದ್ಯಾಮಣ್ಣನ ಶಾಮಿಯಾನ ಎದ್ದಿತ್ತು. ಊರೆಲ್ಲ ಅವನ ಕುರ್ಚಿಗಳ ಮೇಲೆ ಕೂತಿತ್ತು. ಸಾಮಾನೆಲ್ಲ ಹೊರಗೆ ಬಂದಿದ್ದರಿಂದ ಮೇಲಿನ ಕೋಣೆಯ ಬಾಗಿಲು ತೆರೆದಿತ್ತು. ಮಕ್ಕಳು ಅಲ್ಲಿ ಒಳಗೆ ಹೊರಗೆ ಓಡಾಡುತ್ತಿದ್ದರು. ವರ್ಷವಿಡೀ ತಮ್ಮದಾಗಬೇಕಿದ್ದ ಕೋಣೆಯನ್ನು ಅವರು ಮೊದಲ ಸಲ ನೋಡುತ್ತಿದ್ದರು.

ದ್ಯಾಮಣ್ಣ ಎದ್ದು ನಿಂತು ಪಂಪಾಪತಿಯನ್ನು ಹೊಗಳಿದ. ಚೆನ್ನಾಗಿಯೇ ಹೊಗಳಿದ. ಕೊನೆಗೆ, “ಹಂಗಾರೆ ಎಲ್ಲಾರೂ ಒಂದೇ ಬಾಯಾಗೆ ಹೇಳ್ರಿ, ಈ ವರ್ಷದ್ದು ಯಾರದ್ದು?” ಅಂದ.

“ಪಂಪಾಪತಿ ಮೇಷ್ಟ್ರದ್ದು,” ಅಂದಿತು ಊರು. ಜೋರಾಗಿ ಅಲ್ಲ. ಊಟಕ್ಕೆ ಏಳುವ ಮೊದಲು ಅನ್ನುವ ಹಾಗೆ.

“ಇಲ್ಲ,” ಅಂದೆ ನಾನು.

ಎಲ್ಲರೂ ತಿರುಗಿದರು. ಹೆಂಗಸರ ಕಡೆಯಿಂದ ಯಾರೋ ಪಿಸುಗುಟ್ಟಿದರು, “ಗಂಡ ಸತ್ತು ವಾರ ಆಗಿಲ್ಲ, ಸಭೆಯಾಗೆ ಬಾಯಿ ನೋಡು.”

“ಅವರದೂ ಇತ್ತು,” ಅಂದೆ. “ಅದು ಅವರ ಜೊತೆಗೇ ಹೋಗಿದೆ. ನೀವು ಕೊಟ್ಟದ್ದನ್ನೆಲ್ಲ ಹೊತ್ತು ಅವರು ಮೆಟ್ಟಿಲು ಹತ್ತಲಾರದೆ ಹೋದರು. ಕೆಳಗೆ ನಿಂತೇ ಪಾಠ ಮಾಡಿದರು. ತಿರುವಿನ ಆಚೆ ಕೂತ ಮಕ್ಕಳ ಮುಖ ಒಂದು ದಿನವೂ ನೋಡಲಿಲ್ಲ. ಹೊತ್ತರೆ ಪುಣ್ಯ ಅಂದುಕೊಂಡರು. ಅವರು ಹೊತ್ತ ಹಾಗೆಲ್ಲ ನೀವು ಹಗುರಾದಿರಿ, ಹಗುರಾದ ಹಾಗೆಲ್ಲ ಮತ್ತೆ ಅದನ್ನೇ ಮಾಡಿದಿರಿ. ಅದು ಅವರ ತಪ್ಪು. ಅಷ್ಟು ಮಾತ್ರ ಅವರದು.”

ಹುಸೇನಬಿ ಮತ್ತು ನಾನು ಟವೆಲ್ಲಿನಲ್ಲಿ ಕಟ್ಟಿ ತಂದಿದ್ದ ಗಂಟನ್ನು ಎರಡು ಕಡೆಯಿಂದ ಹಿಡಿದು ವೇದಿಕೆಯ ಹತ್ತಿರ ತಂದೆವು. ದ್ಯಾಮಣ್ಣ ತಟ್ಟನೆ ಕೂತು ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ.

“ದ್ಯಾಮಣ್ಣ, ಹತ್ತನೆಯ ತರಗತಿಯ ಕೋಣೆಗೆ ನಿಮ್ಮ ಶಾಮಿಯಾನ ತುಂಬಿ ಬೀಗ ಹಾಕಿ, ಮಕ್ಕಳನ್ನು ಮೆಟ್ಟಿಲ ಮೇಲೆ ಕೂರಿಸಿದಿರಿ. ನಿಮ್ಮ ಮಗನನ್ನು ಮಾತ್ರ ಪೇಟೆಯ ಶಾಲೆಗೆ ಕಳಿಸಿದಿರಿ.”

“ಏ ತಂಗಿ! ಸಾಲಿಗೆ ಬಿಟ್ಟಿ ಶಾಮಿಯಾನ ಹಾಕೋನು ನಾನು. ನಿನ್ ಗಂಡನ ಮಣ್ಣಿಗೂ ಕುರ್ಚಿ ಕಳಿಸಿದೋನು!”

“ಹೌದು. ಆ ಕುರ್ಚಿ ಆ ಕೋಣೆಯಿಂದಲೇ ಬಂದವು.”

“ಕ್ಲರ್ಕ್ ಕೆಲಸ ಬ್ಯಾಡಾ ಹಂಗಾರೆ?”

“ಬೇಕು. ನೀವು ಕೊಡುವುದು ಬೇಡ.”

ಅವನು ಅಡಿವೆಪ್ಪನವರ ಕಡೆ ನೋಡಿದ. “ಹೇಳ್ರಿ ಸಾರ್ ಆಕೀಗೆ.”

ಅಡಿವೆಪ್ಪನವರು ಏಳಲು ಹೋಗಿ, ಆಗದೆ, ಕೂತಲ್ಲೇ ಹೇಳಿದರು. “ನಂದು ನಂಗೆ ಬಂದಿದೆ ದ್ಯಾಮಣ್ಣ. ಬೀಗದ ಕೈ ಕೊಟ್ಟವನೂ ನಾನೇ. ನೀನೂ ತಗೋ.”

ಕೈ ಚಾಚದಿದ್ದರೆ ಮಡಿಲಿಗೆ ಇಡಬಹುದು, ಹೆಸರು ಸರಿಯಿದ್ದರೆ ಸಾಕು. ಇಟ್ಟೆವು. ಪ್ಲಾಸ್ಟಿಕ್ ಕುರ್ಚಿಯ ನಾಲ್ಕು ಕಾಲೂ ನಾಲ್ಕು ಕಡೆಗೆ ಜಾರಿದವು. ದ್ಯಾಮಣ್ಣ ನೆಲದ ಮೇಲಿದ್ದ. ಬಿಸಿಯೂಟದ ಹೆಂಗಸೊಬ್ಬಳು ಕಿಸಕ್ಕನೆ ನಕ್ಕು ಬಾಯಿಗೆ ಸೆರಗು ಒತ್ತಿಕೊಂಡಳು. ಅವನನ್ನು ಎಬ್ಬಿಸಲು ನಾಲ್ವರು ಬಂದರು. ಒಬ್ಬನೂ “ನನ್ನ ಹತ್ತಿರ ಇರಲಿ” ಅನ್ನಲಿಲ್ಲ.

ಮುಗಿಯಿತು ಅಂದುಕೊಂಡು ನಾನು ಟವೆಲ್ಲು ಮಡಿಸುತ್ತಿದ್ದೆ. ಹಿಂದಿನ ಸಾಲಿನಿಂದ ಬಸಲಿಂಗವ್ವ ಎದ್ದಳು. ರೆಪ್ಪೆಯ ಮೇಲೆ ಭಟ್ಟಿಯ ಬೂದಿ ಇನ್ನೂ ಇತ್ತು.

“ಎಲ್ಲಾರದೂ ತಂದಿ. ನಂದೆಲ್ಲಿ?”

“ನಿಮ್ಮದು...” ಅಂದೆ. “ನಿಮ್ಮದು ನನ್ನ ಹತ್ತಿರ ಇರಲಿ ಬಸಲಿಂಗವ್ವ.”

ಅಂದ ಮೇಲೆಯೇ ನನಗೆ ಗೊತ್ತಾದದ್ದು, ಏನಂದೆ ಎಂದು. ಹೆಗಲ ಮೇಲೆ ಮಗುವಿನಷ್ಟು ಭಾರ ಬಂದು ಕೂತಿತು. ಹೆಂಗಸರೆಲ್ಲ ನೋಡಿದರು.

“ಇರಲಿ ಅನ್ನಾಕೆ ನೀನ್ಯಾರೇ?” ಬಸಲಿಂಗವ್ವ ಸಾಲುಗಳ ನಡುವೆ ನುಗ್ಗಿ ಬಂದಳು. “ನಿನ್ ಗಂಡನೂ ಹಿಂಗೇ ಅಂದ. ‘ಕಷ್ಟದಾಗಿದೀಯವ್ವ, ನನ್ನ ಹತ್ರ ಇರಲಿ’ ಅಂದ. ಪುಣ್ಯಾತ್ಮ. ಮೈ ಹಗುರಾತು, ನಾನು ಮರ್ತೆ. ಮಗಳು ನಪಾಸಾದ ದಿನ ಊರೆಲ್ಲ ಬೈದೆ, ಸಾಲಿಗೆ ಬೈದೆ, ಮೇಷ್ಟ್ರಿಗೆ ಬೈದೆ. ನಂದೂ ಐತೆ ಅಂತ ನೆಪ್ಪೇ ಆಗ್ಲಿಲ್ಲ. ದ್ಯಾಮಣ್ಣಂದು ಅವನ ಮಡಿಲಿಗೆ ಹಾಕ್ತೀಯಂತೆ, ನಂದು ಮಾತ್ರ ಮುಚ್ಚಿಟ್ಕಂತೀಯಂತೆ. ಯಾಕೆ? ಬಡವರಿಗೆ ತಪ್ಪು ಮಾಡೋ ಯೋಗ್ಯತೇನೂ ಇಲ್ವಾ?”

ಈಗ ತಾನೇ ಗಂಡನ ತಪ್ಪು ಹೇಳಿ, ಅದೇ ಉಸಿರಿನಲ್ಲಿ ಅದನ್ನೇ ಮಾಡಿದ್ದೆ.

“ಅವ್ವಂಗೆ ಹೇಳು ಅಕ್ಕಾ,” ಅಂದಳು ಅವಳ ಹಿಂದೆ ನಿಂತಿದ್ದ ಚಂದ್ರಿ, ಮೆಲ್ಲಗೆ. “ಮರುಪರೀಕ್ಷೆಗೆ ಕೂರ್ತೀನಿ ಅಂದ್ರೆ ಬ್ಯಾಡ ಅಂತಾಳೆ.”

“ನೀ ಸುಮ್ನಿರು. ಆಕಿ ಮೊದ್ಲು ನಂದು ಕೊಡ್ಲಿ, ಆಮ್ಯಾಲೆ ಮಾತು.”

ಊರು ಕೇಳುತ್ತಿತ್ತು. ಎದ್ದು ಹೋಗುತ್ತಿದ್ದ ಒಬ್ಬಿಬ್ಬರು ನಿಂತರು. ಮಗಳ ಎದುರಿಗೆ ಹೇಳಬೇಕಾಗಿತ್ತು. ನಾನು ಮೊದಲು ಬಡತನ ಅಂದೆ. ಹೆಗಲು ಹಾಗೇ ಇತ್ತು. ನನಗೇ ನಾಚಿಕೆಯಾಯಿತು. ಆಮೇಲೆ ಬಸಲಿಂಗವ್ವನ ಮುಖ ನೋಡಿಕೊಂಡು ಹೇಳಿದೆ.

“ಬಸಲಿಂಗವ್ವ, ಭಟ್ಟಿಯ ಕೆಲಸ ಜೋರಿದ್ದಾಗ ಚಂದ್ರಿಯನ್ನು ಮನೆಯಲ್ಲಿ ಇಟ್ಟುಕೊಂಡಿರಿ. ಅದು ಕಷ್ಟಕ್ಕೆ. ಕೆಲಸ ತಗ್ಗಿದ ಮೇಲೂ ಕಳಿಸಲಿಲ್ಲ. ಅವಳು ಮನೆಯಲ್ಲಿದ್ದರೆ ಕೂಸು ನೋಡುವವರಿದ್ದರು, ಅಡುಗೆ ಆಗಿರುತ್ತಿತ್ತು, ಅದು ನಿಮಗೆ ಚೆನ್ನಾಗಿತ್ತು. ಹೆಣ್ಣು ಓದಿ ಏನಾಗಬೇಕು ಅಂದುಕೊಂಡಿರಿ.”

ಹೆಗಲಿನಿಂದ ಅದು ಕೈಗೆ ಬಂತು.

ಬಸಲಿಂಗವ್ವನ ಮುಖ ಒಮ್ಮೆ ಕೆಂಪೇರಿತು. ಹೊಡೆಯುತ್ತಾಳೆ ಅಂದುಕೊಂಡೆ. ಚಂದ್ರಿ ತಾಯಿಯನ್ನೇ ನೋಡುತ್ತಿದ್ದಳು. “ಹೂಂ,” ಅಂದಳು ಬಸಲಿಂಗವ್ವ. “ಹಂಗೇ ಅಂದ್ಕಂಡಿದ್ದೆ. ತಾ.”

ಅವಳು ಎರಡೂ ಕೈ ಚಾಚಿದಳು. ಚಂದ್ರಿ ಮುಂದೆ ಬಂದು ತನ್ನ ಕೈಯನ್ನೂ ತಾಯಿಯ ಕೈಯ ಕೆಳಗೆ ಕೊಟ್ಟಳು. “ನಾನೂ ಹಿಡ್ಕಂತೀನಿ ಅವ್ವ. ನಾನೂ ಹೋಗ್ತೀನಿ ಅಂತ ಹಟ ಮಾಡ್ಲಿಲ್ಲಲ್ಲ.”

ಬಸಲಿಂಗವ್ವ ಮೊಣಕೈಯಿಂದ ಆ ಕೈಯನ್ನು ಪಕ್ಕಕ್ಕೆ ತಳ್ಳಿದಳು.

“ತಗೀ ಕೈ. ನಿಂದಲ್ಲ ಇದು.”

ನಾನು ಅದನ್ನು ಅವಳ ಕೈಯಲ್ಲಿಟ್ಟೆ.